"ಎಂತ ಮಗಾ, ಹೀಗೆ ಕಪ್ಪಾಗಿದ್ದೀ?": ಮಗಳು ತನ್ನ ಮೈಯನ್ನು ಇಷ್ಟಪಡಲು ಮನೆಯಲ್ಲಿ ಮಾಡಬೇಕಾದ ಕೆಲಸಗಳು

ಎರಡು ವರ್ಷದ ಹಿಂದೆ, ಮೇ ತಿಂಗಳು. ಮಂಗಳೂರಿನಲ್ಲಿ ನಮ್ಮ ಸಂಬಂಧಿಕರ ಮದುವೆ. ಮಗಳಿಗೆ ಆಗ 11. ರಜೆಯಲ್ಲಿ ದಿನಾ ಬೆಳಿಗ್ಗೆ ಲೇಡಿಹಿಲ್‌ನ ಈಜುಕೊಳಕ್ಕೆ ಹೋಗಿ ಈಜು ಕಲಿತಿದ್ದಳು. ಒಂದು ತಿಂಗಳ ಬಿಸಿಲು ಮೈಮೇಲೆ ಕಾಣುತ್ತಿತ್ತು. ಊಟಕ್ಕೆ ಕೂತಾಗ ಎದುರು ಸಾಲಿನಿಂದ ಹಿರಿಯರೊಬ್ಬರು ಕೇಳಿದರು: "ಎಂತ ಮಗಾ, ಹೀಗೆ ಕಪ್ಪಾಗಿದ್ದೀ? ಗುರುತೇ ಸಿಗ್ಲಿಲ್ಲ ನನಗೆ." ಸುತ್ತ ಕೂತವರು ನಕ್ಕರು. ನಾನೂ ನಕ್ಕೆ.

ಮಗಳು ನಗಲಿಲ್ಲ. ಅವಳದ್ದು ತೋಳಿಲ್ಲದ ಫ್ರಾಕ್. ನನ್ನ ಸೀರೆಯ ಸೆರಗನ್ನು ಮೆಲ್ಲ ಎಳೆದು ತನ್ನ ತೋಳಿನ ಮೇಲೆ ಹಾಕಿಕೊಂಡಳು. ಪಾಯಸ ಬಡಿಸಿ ಹೋಗುವವರೆಗೂ ಆ ಸೆರಗು ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಎಂದಳು. ಮಂಗಳವಾರವೂ ಹೊಟ್ಟೆನೋವು. ಈಜು ನಿಂತೇ ಹೋಯಿತು. ಹೊಟ್ಟೆನೋವಲ್ಲ, ಆ ಊಟದ ಪಂಕ್ತಿಯ ಮಾತು ಎಂದು ನನಗೆ ಗೊತ್ತಾಗುವಾಗ ಮೂರು ವಾರ ಕಳೆದಿತ್ತು.

ನಾನು ವೈದ್ಯೆ ಅಲ್ಲ. ತಾಯಿ, ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಮೈ ಮುಚ್ಚಿಕೊಳ್ಳಲು ಹೆಗಲು ಬಗ್ಗಿಸಿ ನಡೆಯುವ ಹುಡುಗಿಯರನ್ನು ದಿನಾ ನೋಡುತ್ತೇನೆ. ಉತ್ತರ ಗೊತ್ತಿದ್ದರೂ ಎದ್ದು ನಿಲ್ಲಬೇಕಲ್ಲ ಎಂದು ಕೈ ಎತ್ತದವರನ್ನೂ ನೋಡುತ್ತೇನೆ. ಮಗಳ ವಿಷಯದಲ್ಲಿ ನಾನು ಯಾವುದನ್ನು ಮೊದಲು ಮಾಡಬೇಕಾಯಿತೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮಗಳಿಗೆ ಆರು ವರ್ಷವಾಗಿರಲಿ, ಹದಿನಾರಾಗಿರಲಿ, ಇಂದೇ ಶುರು ಮಾಡಬಹುದು.

ಮೊದಲ ಹೆಜ್ಜೆ: ಒಂದು ವಾರ ನಿಮ್ಮ ಮಾತಿನ ಲೆಕ್ಕ ಇಡಿ

ಮಗಳಿಗೆ ಏನು ಹೇಳಬೇಕು ಎಂದು ಯೋಚಿಸುವ ಮೊದಲು, ನಿಮ್ಮ ಬಗ್ಗೆ ನೀವೇ ಏನು ಹೇಳಿಕೊಳ್ಳುತ್ತೀರಿ ನೋಡಿ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ನಾನು ಏಳು ದಿನ ಬರೆದೆ. "ನನ್ನ ಫೋಟೋ ಬೇಡ, ಅಸಹ್ಯ ಕಾಣ್ತೇನೆ." "ಹಳದಿ ಬಣ್ಣ ನಮ್ಮಂಥ ಕಪ್ಪಿನವರಿಗೆ ಆಗುವುದಿಲ್ಲ." "ಈ ಹೊಟ್ಟೆ ಇಟ್ಟುಕೊಂಡು ಎಲ್ಲಿಗೆ ಬರಲಿ?" ಇಷ್ಟೂ ಮಗಳ ಎದುರೇ ಆಡಿದ ಮಾತು. ಅವಳ ಮೈಯನ್ನು ಒಂದು ದಿನವೂ ಬೈದವಳಲ್ಲ ನಾನು. ಆದರೆ ಅವಳ ಬಣ್ಣ ನನ್ನದೇ, ಅವಳ ಸೊಂಟವೂ ನನ್ನದೇ. ನನ್ನನ್ನು ನಾನು ಅಸಹ್ಯ ಎಂದರೆ ಅವಳು ಯಾರೆಂದು ತಿಳಿದುಕೊಳ್ಳಬೇಕು?

ಇಂಥ ಮಾತನ್ನು ಒಮ್ಮೆಲೇ ಬಿಡಲು ಆಗುವುದಿಲ್ಲ. ತಿರುಗಿಸಲು ಆಗುತ್ತದೆ. ರವಿಕೆ ಹಿಡಿಯದಿದ್ದರೆ "ನಾನು ದಪ್ಪ ಆದೆ" ಎನ್ನುವ ಬದಲು "ರವಿಕೆ ಬಿಗಿ ಆಗಿದೆ, ಹೊಲಿಗೆ ಬಿಡಿಸಬೇಕು" ಎನ್ನಿ. ನಮ್ಮ ಟೈಲರ್ ಅಕ್ಕ ರವಿಕೆಯ ಒಳಗೆ ಎರಡೂ ಬದಿ ಒಂದಿಂಚು ಬಟ್ಟೆ ಬಿಟ್ಟೇ ಹೊಲಿಯುತ್ತಾರೆ. ಮಗಳನ್ನು ಒಮ್ಮೆ ಅವರಲ್ಲಿಗೆ ಕರೆದುಕೊಂಡು ಹೋಗಿ ರವಿಕೆ ಮಗುಚಿ ತೋರಿಸಿದೆ. ಹಳೆಯ ಹೊಲಿಗೆ ಬಿಚ್ಚಿ, ಪಕ್ಕದಲ್ಲೇ ಹೊಸ ಹೊಲಿಗೆ ಹಾಕಿದರು. ಐದು ನಿಮಿಷದ ಕೆಲಸ. ಮೈ ಬದಲಾಗುತ್ತದೆ ಎಂದು ಹೊಲಿಯುವವರಿಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೇ ಬಟ್ಟೆ ಬಿಡುತ್ತಾರೆ ಎಂದು ಅವಳಿಗೆ ಹೇಳಿದೆ. ಈಗ ಶಾಲೆಯ ಯೂನಿಫಾರ್ಮ್ ಬಿಗಿಯಾದರೆ "ಅಮ್ಮ, ಬಿಡಿಸಬೇಕು" ಎಂದಷ್ಟೇ ಹೇಳುತ್ತಾಳೆ.

ಫೋಟೋದಲ್ಲಿ ನಿಲ್ಲಿ. ನಿಮಗೆ ಇಷ್ಟವಿಲ್ಲದಿದ್ದರೂ ಮಗಳ ಪಕ್ಕ ನಿಲ್ಲಿ.

ಎರಡನೆಯದು: ಸಂಬಂಧಿಕರಿಗೆ ಕೊಡುವ ಉತ್ತರ ಮನೆಯಲ್ಲೇ ತಯಾರಿರಲಿ

ನಮ್ಮ ಊರಿನಲ್ಲಿ ಮದುವೆ, ಮೆಹಂದಿ, ರೋಸ್ (ಕ್ರೈಸ್ತರಲ್ಲಿ ಮದುವೆಯ ಮುಂಚಿನ ಶಾಸ್ತ್ರ), ಭೂತದ ನೇಮ, ತೆನೆಹಬ್ಬ, ಗೃಹಪ್ರವೇಶ ಅಂತ ವರ್ಷಪೂರ್ತಿ ಜನ ಸೇರುತ್ತಾರೆ. ಸೇರಿದಲ್ಲೆಲ್ಲ ಮಾತು ಶುರುವಾಗುವುದೇ ಮೈಯಿಂದ. "ಸಪೂರ ಆಗಿದ್ದಿ." "ತೋರ ಆಗಿದ್ದಿ." "ಅಕ್ಕ ಬೆಳ್ಳಗೆ, ಇವಳು ಯಾರ ಹಾಗೆ?" ಹೇಳುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಮನಸ್ಸಿಲ್ಲ. ಕುಶಲ ಕೇಳುವ ರೀತಿಯೇ ಹಾಗಾಗಿಬಿಟ್ಟಿದೆ. ಆದರೆ ಕೇಳಿಸಿಕೊಳ್ಳುವ ಹನ್ನೊಂದು ವರ್ಷದ ಹುಡುಗಿಗೆ ಅದು ಕುಶಲದ ಮಾತಲ್ಲ.

ಹಿರಿಯರ ಎದುರು ಜಗಳ ಆಗುವುದಿಲ್ಲ, ಬೇಕಾಗಿಯೂ ಇಲ್ಲ. ನಾನು ಎರಡು ಹಂತ ಇಟ್ಟುಕೊಂಡಿದ್ದೇನೆ. ಮೊದಲ ಸಲ ಮಾತು ತಿರುಗಿಸುತ್ತೇನೆ: "ಹೌದತ್ತೆ, ಈ ಸಲ ಈಜು ಕಲಿತಳು. ಆಳದ ಬದಿಯಲ್ಲೂ ಈಜ್ತಾಳೆ, ಕೇಳಿ ಅವಳತ್ರ." ಹೆಚ್ಚಿನವರು ಅಲ್ಲಿಗೆ ಬಿಡುತ್ತಾರೆ. ಎರಡನೇ ಸಲವೂ ಅದೇ ಬಂದರೆ ನಗದೆ, ಸ್ವರ ಏರಿಸದೆ, "ಅವಳ ಎದುರು ಬಣ್ಣದ ಮಾತು ಬೇಡ ಅತ್ತೆ. ಬೇರೆ ಎಂತ ಬೇಕಾದ್ರೂ ಕೇಳಿ" ಎನ್ನುತ್ತೇನೆ. ಮೊದಲ ಸಲ ಹೇಳುವಾಗ ನನ್ನ ಕೈ ನಡುಗಿತ್ತು. ಹೇಳಿ ಆದ ಮೇಲೆ ಎಂತದೂ ಆಗಲಿಲ್ಲ. ಅವರು ನೀರು ಕುಡಿದರು, ಮಾತು ಮಳೆಯ ಕಡೆ ಹೋಯಿತು.

ಈ ಉತ್ತರ ಅತ್ತೆಗಿಂತ ಜಾಸ್ತಿ ಮಗಳಿಗೆ. ಅವಳ ಪರ ನಿಲ್ಲುವವರು ಒಬ್ಬರಿದ್ದಾರೆ ಎಂದು ಅವಳ ಕಿವಿಗೆ ಬೀಳಬೇಕು. ಸುಮ್ಮನಿದ್ದರೆ ಅಥವಾ ನನ್ನ ಹಾಗೆ ನಕ್ಕರೆ, ಹೇಳಿದ್ದು ನಿಜ ಎಂದು ತಾಯಿಯೇ ಒಪ್ಪಿದ ಹಾಗಾಗುತ್ತದೆ.

ಮನೆಗೆ ಹೋಗುವ ದಾರಿಯಲ್ಲಿ ಕೇಳಿ: "ಅವರು ಹಾಗೆ ಹೇಳಿದ್ದು ನಿನಗೆ ಬೇಜಾರಾಯಿತಾ?" "ಅದೆಲ್ಲ ಕಿವಿಗೆ ಹಾಕಿಕೊಳ್ಳಬೇಡ" ಎಂದು ಮುಗಿಸಬೇಡಿ. ಕಿವಿಗೆ ಆಗಲೇ ಬಿದ್ದಾಗಿದೆ. ಅವಳು ಹೇಳಲಿ, ನೀವು ಕೇಳಿ. ಅವಳು ಅತ್ತರೆ ಅಳಲಿ.

ಅಜ್ಜಿಯ ಲೆಕ್ಕ ಬೇರೆ. ಅಜ್ಜಿಗೆ "ಸಪೂರ ಆದೆ ಮಗಾ" ಎಂಬುದೇ ಪ್ರೀತಿ, ಅದರ ಹಿಂದೆಯೇ ಒಂದು ನೀರುದೋಸೆ ತಟ್ಟೆಗೆ ಬೀಳುತ್ತದೆ. ನಮ್ಮಮ್ಮನ ಹತ್ತಿರ ಒಂದು ಮಧ್ಯಾಹ್ನ ಒಬ್ಬಳೇ ಕೂತು ಮಾತಾಡಿದೆ. ಸೆರಗಿನ ಕತೆ ಹೇಳಿದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, ತನ್ನನ್ನು ಹೆಣ್ಣು ನೋಡಲು ಬಂದ ದಿನ ಮುಖಕ್ಕೆ ಎಷ್ಟು ಪೌಡರ್ ಹಾಕಿದ್ದರು ಎಂದು ಹೇಳಿದರು. ಐವತ್ತು ವರ್ಷದ ಹಿಂದಿನ ಮಾತು, ಆದರೂ ಮರೆತಿರಲಿಲ್ಲ. ಅಂದಿನಿಂದ ಅವರು ಮೊಮ್ಮಗಳ ಬಣ್ಣದ ಬಗ್ಗೆ ಒಂದಕ್ಷರ ಆಡಿಲ್ಲ.

ಮನೆಯೊಳಗಿನ ಅಡ್ಡಹೆಸರುಗಳನ್ನೂ ನೋಡಿ. ಡುಮ್ಮಿ, ಕಡ್ಡಿ, ಕರ್ರಿ, ಲಂಬು. ಅಣ್ಣ ತಮಾಷೆಗೆ ಕರೆಯುತ್ತಾನೆ, ಅಪ್ಪ ಮುದ್ದಿಗೆ ಕರೆಯುತ್ತಾರೆ. ಎರಡೂ ನಿಲ್ಲಲಿ. ಸಪೂರ ಇರುವ ಹುಡುಗಿಗೆ ನೋವಾಗುವುದಿಲ್ಲ ಎಂದು ತುಂಬ ಜನ ತಿಳಿದಿದ್ದಾರೆ. ನನ್ನ ತರಗತಿಯಲ್ಲಿ "ಗಾಳಿಗೆ ಹಾರ್ತಿ ನೋಡು" ಎಂದು ಕೇಳಿ ಕೇಳಿ ಬೇಸಿಗೆಯಲ್ಲೂ ಚೂಡಿದಾರದ ಒಳಗೆ ಎರಡು ಬನಿಯನ್ ಹಾಕಿಕೊಂಡು ಬರುತ್ತಿದ್ದ ಹುಡುಗಿ ಇದ್ದಳು.

ಮೂರನೆಯದು: ಮೈಯಲ್ಲಿ ಆಗುವುದನ್ನು ಆಗುವ ಮೊದಲೇ ಹೇಳಿ

ಗೊತ್ತಿಲ್ಲದ್ದು ಮೈಮೇಲೆ ಬಂದಾಗ ಮಕ್ಕಳು ಅದನ್ನು ತಮ್ಮ ತಪ್ಪು ಎಂದುಕೊಳ್ಳುತ್ತಾರೆ. ಎಂಟು ವರ್ಷಕ್ಕೆ ಮಾತು ಶುರು ಮಾಡಿದರೆ ಬೇಗ ಆಗಲಿಲ್ಲ, ಸರಿಯಾದ ಹೊತ್ತು ಅದೇ. ಹುಡುಗಿಯರಲ್ಲಿ 8ರಿಂದ 13 ವರ್ಷದ ಒಳಗೆ ಎದೆ ಮೂಡಲು ಶುರುವಾಗುತ್ತದೆ. ಮೊದಲು ತೊಟ್ಟಿನ ಕೆಳಗೆ ಸಣ್ಣ ಗಟ್ಟಿ ಗಂಟು, ಮುಟ್ಟಿದರೆ ನೋವು. ಒಂದು ಬದಿಯಲ್ಲಿ ಮೊದಲು, ಇನ್ನೊಂದು ಬದಿಯಲ್ಲಿ ಕೆಲವು ತಿಂಗಳು ಬಿಟ್ಟು ಬರಬಹುದು. ನಮ್ಮ ಮಗಳು ಕ್ಯಾನ್ಸರ್ ಎಂದು ಹೆದರಿ ನಾಲ್ಕು ದಿನ ಯಾರಿಗೂ ಹೇಳಿರಲಿಲ್ಲ. ಅದರ ನಂತರ ಕಂಕುಳಲ್ಲಿ, ಕೆಳಗೆ ಕೂದಲು. ಬಿಳಿ ಹೋಗುವುದು. ಮೊಡವೆ. ಎದೆ ಮೂಡಿ ಎರಡು, ಎರಡೂವರೆ ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಮೊದಲ ಮುಟ್ಟು.

ಇದರ ನಡುವೆ ತೂಕ ಏರುತ್ತದೆ. ಸೊಂಟ, ತೊಡೆ ತುಂಬಿಕೊಳ್ಳುತ್ತವೆ. ಇದು ಬೆಳವಣಿಗೆ, ಕೊಬ್ಬು ಬಂದದ್ದಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೊಬ್ಬು ಬರುವುದೂ ಬೆಳವಣಿಗೆಯ ಭಾಗವೇ. ಹುಡುಗಿಯ ಮೈಗೆ ಆ ಕೊಬ್ಬು ಬೇಕು ಎಂದು ನೇರವಾಗಿ ಹೇಳಿ. ಈ ಹೊತ್ತಿನಲ್ಲೇ ಹೆಚ್ಚಿನ ತಾಯಂದಿರು ಅನ್ನ ಕಡಿಮೆ ಮಾಡಿಸಲು ಹೊರಡುತ್ತಾರೆ. ದಯವಿಟ್ಟು ಮಾಡಬೇಡಿ.

ಮುಟ್ಟಿನ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ "ಹೊರಗೆ" ಕೂರುವ ಪದ್ಧತಿ ಉಂಟು. ದೇವರ ಕೋಣೆಗೆ ಹೋಗದಿರುವುದು ನಿಮ್ಮ ಮನೆಯ ನಂಬಿಕೆ ಇರಬಹುದು. ಆದರೆ ಮಗಳಿಗೆ ಬೇರೆ ತಟ್ಟೆ, ಬೇರೆ ಚಾಪೆ, "ಮುಟ್ಟಬೇಡ, ದೂರ ನಿಲ್ಲು" ಇದೆಲ್ಲ ಆದ ಮೇಲೆ "ನಿನ್ನ ಮೈ ಒಳ್ಳೆಯದು" ಎಂದು ಎಷ್ಟು ಹೇಳಿದರೂ ಅವಳು ನಂಬುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ನಿಲ್ಲಿಸಿದೆವು.

ಶಾಲೆಯ ಚೀಲದಲ್ಲಿ ಒಂದು ಸಣ್ಣ ಬಟ್ಟೆ ಚೀಲ ಇಡಿ: ಎರಡು ಪ್ಯಾಡ್, ಒಂದು ಒಳಚಡ್ಡಿ, ಸುತ್ತಲು ಪೇಪರ್. ಒಂಬತ್ತನೇ ವರ್ಷದಿಂದಲೇ ಇರಲಿ. ಪ್ಯಾಡ್ ತರುವ ಕೆಲಸ ಅಪ್ಪನಿಗೆ ಕೊಡಿ. ಮೆಡಿಕಲ್‌ನಿಂದ ಅಪ್ಪ ಅದನ್ನು ಸೋಪು, ಬ್ರೆಡ್ಡಿನ ಜೊತೆ ತಂದು ಮೇಜಿನ ಮೇಲೆ ಇಟ್ಟರೆ, ಅದು ನಾಚಿಕೆಯ ವಿಷಯ ಅಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಎಂಟು ವರ್ಷಕ್ಕಿಂತ ಮೊದಲೇ ಎದೆ ಮೂಡಿದರೆ, 13 ಆದರೂ ಮೂಡದಿದ್ದರೆ, 15 ಆದರೂ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಿ. ಮೊದಲ ಒಂದೆರಡು ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ಸಾಮಾನ್ಯ. ಆಮೇಲೂ ತಿಂಗಳುಗಟ್ಟಲೆ ಬಾರದಿದ್ದರೆ, ಜೊತೆಗೆ ಮುಖದಲ್ಲಿ ಕೂದಲು, ಹೋಗದ ಮೊಡವೆ ಇದ್ದರೆ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇರಬಹುದು, ಅದನ್ನೂ ತೋರಿಸಿ.

ನಾಲ್ಕನೆಯದು: ಬಣ್ಣದ ಮಾತಿಗೆ ಎದುರು ನಿಲ್ಲಿ

ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯಾದಾಗ ನಾನು ಶಾಲೆಯಲ್ಲಿದ್ದೆ. ಊರಿಗೇ ಹೆಮ್ಮೆ, ನನಗೂ ಹೆಮ್ಮೆ. ಆದರೆ ಅದರ ನಂತರ "ಮಂಗಳೂರು ಹುಡುಗಿ ಅಂದ ಮೇಲೆ ಬೆಳ್ಳಗೆ ಇರಬೇಕಲ್ಲ" ಎಂಬ ಮಾತು ಎಷ್ಟು ಸಲ ಕೇಳಿದ್ದೇನೋ. ಬೆಂಗಳೂರಿನ ಹಾಸ್ಟೆಲಿನಲ್ಲೂ ಕೇಳಿದೆ. ಕಡ್ಲೆಹಿಟ್ಟು, ಅರಶಿನ, ಲಿಂಬೆರಸ ಎಲ್ಲ ಮುಖಕ್ಕೆ ಹಚ್ಚಿದೆ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದ ದಿನ ಕೆನ್ನೆ ಸುಟ್ಟ ಹಾಗೆ ಉರಿದಿತ್ತು.

ಮಗಳಿಗೆ ಹೇಳಬೇಕಾದ ವಿಜ್ಞಾನ ಸಣ್ಣದು. ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಇರುತ್ತದೆ, ಅದು ಬಿಸಿಲಿನಿಂದ ಕಾಪಾಡುತ್ತದೆ. ಯಾರಿಗೆ ಎಷ್ಟು ಎಂಬುದು ಅಪ್ಪ ಅಮ್ಮನಿಂದ ಬರುತ್ತದೆ. ಬಿಸಿಲಿಗೆ ಹೋದಾಗ ಮೈ ಅದನ್ನು ಹೆಚ್ಚು ಮಾಡಿಕೊಳ್ಳುತ್ತದೆ. ಈಜಿ ಕಪ್ಪಾದವಳ ಮೈ ಸರಿಯಾಗಿ ಕೆಲಸ ಮಾಡಿದೆ, ಅಷ್ಟೇ. ಬಿಸಿಲಿನಲ್ಲಿ ಆಡುವ ಮಕ್ಕಳಿಗೆ ಸನ್‌ಸ್ಕ್ರೀನ್ ಹಚ್ಚಿ, ಚರ್ಮ ಸುಡದಿರಲಿ ಎಂದು ಹಚ್ಚಿ. "ಕಪ್ಪಾಗ್ತಿ" ಎಂದು ಹೇಳಿ ಹಚ್ಚಬೇಡಿ.

1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಆಯಿತು. ಕಂಪನಿಯೇ ‘ಫೇರ್’ ಎಂಬ ಮಾತು ಬಿಟ್ಟಿದೆ ಎಂದು ಮಗಳಿಗೆ ಹೇಳಿ. ಅದಕ್ಕಿಂತ ಹೆಚ್ಚು ಹೆದರಬೇಕಾದ್ದು ಬೇರೆ ಉಂಟು. ಗೆಳತಿ ಕೊಟ್ಟಳು, ಪಾರ್ಲರಿನಲ್ಲಿ ಹೇಳಿದರು ಎಂದು ತರುವ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರಬಹುದು. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂದು ಇದ್ದರೆ ವೈದ್ಯರು ಹೇಳದೆ ಮುಖಕ್ಕೆ ಹಚ್ಚಲೇಬಾರದು. ಮೊದಲು ಬೇಗ ಬೆಳ್ಳಗೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಮೊಡವೆ ತುಂಬುತ್ತದೆ, ಮುಖದಲ್ಲಿ ಕೂದಲು ಬರುತ್ತದೆ. ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ತಂದಿದೆ. ಕೆಲವು ಬಿಳಿ ಮಾಡುವ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ನಮ್ಮ ಪಕ್ಕದ ಕೇರಳದ ಮಲಪ್ಪುರಂನಲ್ಲಿ 2023ರಲ್ಲಿ ಅಂಥ ಕ್ರೀಮು ಹಚ್ಚಿಕೊಂಡವರಲ್ಲಿ ವೈದ್ಯರು ಕಿಡ್ನಿಯ ಕಾಯಿಲೆ ಗುರುತಿಸಿದ್ದರು. ಮಗಳ ಕೋಣೆಯಲ್ಲಿ ಇಂಥ ಟ್ಯೂಬ್ ಸಿಕ್ಕಿದರೆ ಬೈಯಬೇಡಿ. ಅದನ್ನು ತೆಗೆದುಕೊಂಡು ಅವಳ ಜೊತೆ ಚರ್ಮದ ವೈದ್ಯರ ಹತ್ತಿರ ಹೋಗಿ. ತುಂಬ ದಿನ ಹಚ್ಚಿದ್ದನ್ನು ಬಿಡುವ ಕ್ರಮವನ್ನು ಅವರು ಹೇಳುತ್ತಾರೆ.

ಇನ್ನೊಂದು. ಕುತ್ತಿಗೆಯ ಹಿಂಬದಿ ದಪ್ಪಗೆ, ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ ಅದು ಕೊಳೆ ಅಲ್ಲ. ಎಷ್ಟೋ ಮಕ್ಕಳ ಕುತ್ತಿಗೆಯನ್ನು ಮನೆಯವರು ತೆಂಗಿನ ನಾರಿನಲ್ಲಿ ತಿಕ್ಕುತ್ತಾರೆ, ಮಗು ಅಳುತ್ತದೆ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹಾಗಾಗುವುದುಂಟು. ತಿಕ್ಕಿದರೆ ಹೋಗುವುದಿಲ್ಲ, ರಕ್ತ ಪರೀಕ್ಷೆ ಮಾಡಿಸಬೇಕು.

ಅಷ್ಟಮಿಗೆ ಮಕ್ಕಳಿಗೆ ಕೃಷ್ಣವೇಷ ಹಾಕುತ್ತೇವೆ. ಕೃಷ್ಣ ಎಂದರೇ ಕಪ್ಪು. ಉಡುಪಿಯಲ್ಲಿ ಕಿಂಡಿಯಿಂದ ಇಣುಕಿ ಕೈಮುಗಿಯುವುದು ಕರಿಕಲ್ಲಿನ ಮೂರ್ತಿಗೆ. ಆದರೂ ವೇಷ ಹಾಕುವಾಗ ಮಗುವಿನ ಮುಖಕ್ಕೆ ಮೊದಲು ಬಿಳಿ ಪೌಡರ್. ಮುಂದಿನ ಅಷ್ಟಮಿಗೆ ಆ ಪೌಡರ್ ಬಿಡಿ. ನವಿಲುಗರಿ, ಕೊಳಲು ಸಾಕು.

ಐದನೆಯದು: ತಟ್ಟೆ ನೋಡಿ ಮಾತಾಡಬೇಡಿ

"ಇನ್ನೊಂದು ಗೋಳಿಬಜೆ ಬೇಕಾ ನಿನಗೆ?" ಎಂದು ಮಗಳಿಗೆ ಕೇಳಿ, ಮಗನಿಗೆ ಕೇಳದೆ ಬಡಿಸುವ ಮನೆಗಳುಂಟು. ಇಬ್ಬರಿಗೂ ಒಂದೇ ನಿಯಮ ಇರಲಿ. ಆಹಾರಕ್ಕೆ "ಒಳ್ಳೆಯದು, ಕೆಟ್ಟದು" ಎಂಬ ಹೆಸರು ಬೇಡ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಬಸಳೆ, ಹುರುಳಿ ಸಾರು, ಮಳೆಗಾಲದ ತಜಂಕ್ ಸೊಪ್ಪಿನ ಪಲ್ಯ, ಇಷ್ಟು ಹೊಟ್ಟೆ ತುಂಬ ಉಣ್ಣುವ ಹುಡುಗಿಗೆ ಡಯಟ್ ಬೇಕಾಗಿಲ್ಲ.

ನಮ್ಮ ಹುಡುಗಿಯರಿಗೆ ಎಲ್ಲಕ್ಕಿಂತ ಕಡಿಮೆ ಇರುವುದು ರಕ್ತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆ. ಸುಸ್ತು, ಓದಲು ಮನಸ್ಸಿಲ್ಲ, ಸಿಟ್ಟು. ಇದನ್ನು ನಾವು ಸೋಮಾರಿತನ ಎಂದು ಬೈಯುತ್ತೇವೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆ ಎಸೆಯದೆ ನುಂಗುತ್ತಾಳಾ ಕೇಳಿ. ಊಟದ ಮೇಲೆ ಲಿಂಬೆ ಶರಬತ್ತು ಆಗಬಹುದು. ಚಹಾ ಬೇಡ, ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ.

ಊಟ ತಪ್ಪಿಸುವುದು, ತಿಂದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕುವುದು, ತೂಕ ಇಳಿಯುತ್ತಲೇ ಹೋಗುವುದು, ಬರುತ್ತಿದ್ದ ಮುಟ್ಟು ನಿಲ್ಲುವುದು: ಇವು ಕಂಡರೆ ತಡಮಾಡದೆ ವೈದ್ಯರಿಗೆ ಹೇಳಿ.

ಆರನೆಯದು: ಮೈಯಿಂದ ಏನಾದರೂ ಮಾಡಲಿ

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದು. ಮೈ ಹೇಗೆ ಕಾಣುತ್ತದೆ ಎಂಬ ಯೋಚನೆ ಬಿಡಬೇಕಾದರೆ, ಮೈಯಿಂದ ಏನು ಮಾಡಬಹುದು ಎಂಬುದು ಗೊತ್ತಾಗಬೇಕು.

ಕತೆ ಹೇಳಿ. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ 2012ರಲ್ಲಿ ಭಾರತದ ಮಹಿಳಾ ಕಬಡ್ಡಿ ತಂಡದ ನಾಯಕಿಯಾಗಿ ವಿಶ್ವಕಪ್ ಗೆದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಕಬಡ್ಡಿಯಲ್ಲಿ ಗಟ್ಟಿ ತೊಡೆ, ಗಟ್ಟಿ ಭುಜ ಬೇಕು. ‘ಲಂಬು’ ಎಂದು ಕರೆಸಿಕೊಂಡ ಹುಡುಗಿಗೆ ಮಂಗಳೂರಿನ ಸಹನಾ ಕುಮಾರಿಯ ಬಗ್ಗೆ ಹೇಳಿ. 2012ರಲ್ಲಿ 1.92 ಮೀಟರ್ ಎತ್ತರ ಜಿಗಿದು ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸಿಗೆ ಹೋದವರು. ಮನೆಯ ಬಾಗಿಲಿನ ಚೌಕಟ್ಟಿನಲ್ಲಿ ಅಳತೆಪಟ್ಟಿ ಹಿಡಿದು 1.92 ಎಲ್ಲಿಗೆ ಬರುತ್ತದೆ ತೋರಿಸಿ. ನಮ್ಮ ಮನೆಯಲ್ಲಿ ಅದು ಅಪ್ಪನ ತಲೆಗಿಂತ ಮೇಲೆ ಬಂತು. ಮಗಳು ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದಾಳೆ, ಈಗಲೂ ಇದೆ. ಮಣಿಪಾಲಕ್ಕೆ ಓದಲು ಬಂದ ಇಶಿತಾ ಮಾಳವೀಯ ಇಲ್ಲಿಯ ಕಡಲಲ್ಲೇ ಸರ್ಫಿಂಗ್ ಕಲಿತು, ಕೋಡಿಬೆಂಗ್ರೆಯಲ್ಲಿ ಸರ್ಫ್ ಕ್ಲಬ್ ನಡೆಸಿದವರು. ಬಿಸಿಲಿಗೆ ಹೆದರಿದ್ದರೆ ಅದು ಆಗುತ್ತಿತ್ತಾ?

ಆಟವೇ ಬೇಕೆಂದಿಲ್ಲ. ಯಕ್ಷಗಾನ ಆಗಬಹುದು. ಗಂಡಸರೇ ತುಂಬಿದ್ದ ತೆಂಕುತಿಟ್ಟು ಶೈಲಿಯ ಮೇಳಗಳಲ್ಲಿ ಲೀಲಾವತಿ ಬೈಪಾಡಿತ್ತಾಯರು ಭಾಗವತಿಕೆ ಮಾಡಿದರು, ಅಂದರೆ ಹಾಡಿ ಆಟ ನಡೆಸಿದರು. ಈಗ ಉಡುಪಿಯ ಎಷ್ಟೋ ಶಾಲೆಗಳಲ್ಲಿ ಹುಡುಗಿಯರೂ ಯಕ್ಷಗಾನ ಕಲಿಯುತ್ತಾರೆ. ಕಿರೀಟ ಕಟ್ಟಿ, ಗೆಜ್ಜೆ ಕಟ್ಟಿ, ರಂಗಸ್ಥಳದ ಮೇಲೆ ಕಾಲು ಬಡಿದು ಅಬ್ಬರಿಸಿದ ಹುಡುಗಿ ಮರುದಿನ ತರಗತಿಯಲ್ಲಿ ಹೆಗಲು ಬಗ್ಗಿಸಿ ಕೂರುವುದನ್ನು ನಾನು ನೋಡಿಲ್ಲ.

ಒಂದು ಎಚ್ಚರ: "ತೂಕ ಇಳೀತದೆ, ಹೋಗು" ಎಂದು ಆಟಕ್ಕೆ ಕಳಿಸಬೇಡಿ. ಆಟ ಅವಳಿಗೆ ಶಿಕ್ಷೆಯಾಗುತ್ತದೆ. ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ ಕೊಡಿಸಿ. ಎದೆ ಕುಣಿಯುತ್ತದೆ ಎಂಬ ಸಂಕೋಚಕ್ಕೇ ಎಷ್ಟೋ ಹುಡುಗಿಯರು ಎಂಟನೇ ಕ್ಲಾಸಿನಲ್ಲಿ ಓಟ ಬಿಡುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಕಾಲುನೋವು ಅನ್ನುತ್ತಾರೆ.

ಆಟದ ಹೊರಗೂ ಸಣ್ಣ ಸಣ್ಣ ಜವಾಬ್ದಾರಿ ಕೊಡಿ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಒಬ್ಬಳೇ ಸಿಟಿ ಬಸ್ಸಿನಲ್ಲಿ ಹೋಗಿ ಬರಲಿ. ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಕೇಳಿ ತೆಗೆದುಕೊಳ್ಳಲಿ. ಮಾರ್ಕೆಟಿನಲ್ಲಿ ಮೀನಿನ ಕ್ರಯಕ್ಕೆ ಚರ್ಚೆ ಮಾಡಲಿ. ಬಸ್ಸಿನಲ್ಲಿ ಯಾರಾದರೂ ಬೇಕೆಂದೇ ಮೈಗೆ ತಾಗಿದರೆ ಗಟ್ಟಿಯಾಗಿ "ಕೈ ತೆಗೀರಿ" ಎನ್ನಲು ಮನೆಯಲ್ಲೇ ಅಭ್ಯಾಸ ಮಾಡಿಸಿ. ನಿಜವಾಗಿ, ಗಟ್ಟಿ ಸ್ವರದಲ್ಲಿ, ಐದಾರು ಸಲ. ಮೊದಲು ಸ್ವರವೇ ಬರುವುದಿಲ್ಲ ಅವರಿಗೆ.

ಏಳನೆಯದು: ಫೋನನ್ನು ಜೊತೆಗೆ ಕೂತು ನೋಡಿ

ಇನ್‌ಸ್ಟಾಗ್ರಾಮಿನ ನಿಯಮದ ಪ್ರಕಾರ 13 ವರ್ಷದ ಕೆಳಗಿನವರಿಗೆ ಖಾತೆ ಇಲ್ಲ. ಅಷ್ಟಾದರೂ ಕಾಯಿರಿ. ಆಮೇಲೆ ಒಂದು ಸಂಜೆ ಇಬ್ಬರೂ ಕೂತು ಒಂದೇ ಫೋಟೋಗೆ ಫಿಲ್ಟರ್ ಹಾಕಿ ನೋಡಿ. ನಾವು ನೋಡಿದೆವು. ನನ್ನ ಮೂಗು ಸಪೂರವಾಯಿತು, ಗಲ್ಲ ಒಳಗೆ ಹೋಯಿತು, ಬಣ್ಣ ಬೆಳ್ಳಗಾಯಿತು. ಮಗಳ ಮುಖಕ್ಕೂ ಹಾಕಿದೆವು. ಹಾಕಿದ ಮೇಲೆ ನಾವಿಬ್ಬರೂ ತಾಯಿ ಮಗಳ ಹಾಗೆ ಕಾಣುತ್ತಿರಲಿಲ್ಲ. ಅವಳೇ ಅದನ್ನು ಹೇಳಿದಳು: "ಅಮ್ಮ, ಇದ್ರಲ್ಲಿ ನಿನ್ನ ಮೂಗು ನನಗೆ ಬಂದೇ ಇಲ್ಲ."

ನೋಡಿದ ಮೇಲೆ ಮನಸ್ಸು ಸಣ್ಣದಾಗುವಂಥ ಖಾತೆಗಳನ್ನು ಬಿಡಲು ಹೇಳಿ. ಮಗಳ ಫೋಟೋವನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕುವ ಮೊದಲು ಅವಳನ್ನು ಕೇಳಿ. ಬೇಡ ಎಂದರೆ ಬೇಡ. ಅವಳ ಫೋಟೋ ಇಟ್ಟುಕೊಂಡು ಯಾರಾದರೂ ಹೆದರಿಸಿದರೆ ಅವಳು ಮೊದಲು ನಿಮ್ಮ ಹತ್ತಿರ ಬರಬೇಕು. "ಬೈಯುವುದಿಲ್ಲ" ಎಂದು ಇಂದೇ ಮಾತು ಕೊಡಿ. ಸೈಬರ್ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098.

ಎಂಟನೆಯದು: ಹೊಗಳುವಾಗ

"ಚಂದ ಕಾಣ್ತಿ" ಎಂದು ಹೇಳಬಾರದು ಎಂದಲ್ಲ. ಹೇಳಿ, ಮಕ್ಕಳಿಗೆ ಅದೂ ಬೇಕು. ಹಬ್ಬದ ಬಟ್ಟೆ ಹಾಕಿದ ದಿನ ಮಾತ್ರ ಹೇಳಬೇಡಿ, ತಲೆಗೆ ಎಣ್ಣೆ ಹಾಕಿ ಕೂತ ದಿನವೂ ಹೇಳಿ. ಅದರ ಜೊತೆ ಅವಳು ಮಾಡಿದ ಕೆಲಸವನ್ನು ಹೆಸರು ಹಿಡಿದು ಹೇಳಿ. "ಜಾಣೆ" ಎಂದರೆ ಸಾಲದು. "ನಿನ್ನೆ ತಮ್ಮನಿಗೆ ಲೆಕ್ಕ ಮೂರು ಸಲ ಹೇಳಿಕೊಟ್ಟೆ, ಒಮ್ಮೆಯೂ ಸಿಟ್ಟು ಮಾಡಲಿಲ್ಲ" ಎನ್ನಿ. ಇದನ್ನು ಅಪ್ಪ ಹೇಳಿದರೆ ಇನ್ನೂ ಒಳ್ಳೆಯದು.

ಒಂಬತ್ತನೆಯದು: ಕೈಮೀರಿದರೆ

ಎರಡು ವಾರಕ್ಕಿಂತ ಜಾಸ್ತಿ ಮಂಕಾಗಿದ್ದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ, ಗೆಳತಿಯರನ್ನು ಬಿಟ್ಟರೆ, ಕೈಯಲ್ಲಿ ಕೊಯ್ದ ಗಾಯ ಕಂಡರೆ, "ನಾನು ಇರಬಾರದಿತ್ತು" ಎಂದರೆ ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಹದಿಹರೆಯದವರಿಗಾಗಿ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇರುತ್ತದೆ. ಮಂಗಳೂರಿನ ವೆನ್‌ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. "ಜನ ಎಂತ ಹೇಳ್ತಾರೆ" ಎಂಬ ಯೋಚನೆ ಬಂದರೆ, ಮಗಳು ಈ ಸ್ಥಿತಿಗೆ ಬಂದದ್ದರಲ್ಲಿ ಜನ ಹೇಳಿದ ಮಾತಿನ ಪಾಲೂ ಇದೆ ಎಂಬುದು ನೆನಪಿರಲಿ.

ಇದೆಲ್ಲ ಒಂದು ತಿಂಗಳಲ್ಲಿ ಆಗುವ ಕೆಲಸ ಅಲ್ಲ. ನಮ್ಮ ಮಗಳು ಮತ್ತೆ ಈಜಿಗೆ ಹೋಗಲು ಒಂದು ವರ್ಷ ಬೇಕಾಯಿತು. ನಾನು ಹೇಳಿದ್ದಕ್ಕಲ್ಲ, ಗೆಳತಿಯೊಬ್ಬಳು "ನನಗೆ ಒಬ್ಬಳೇ ಹೋಗಲು ಹೆದರಿಕೆ, ನೀನೂ ಬಾ" ಎಂದು ಕರೆದದ್ದಕ್ಕೆ ಹೋದಳು. ಈಗ ಬೆಳಿಗ್ಗೆ ಆರಕ್ಕೆ ನಾನು ಎಬ್ಬಿಸುವ ಮೊದಲೇ ಚೀಲ ತುಂಬಿಸಿ ಇಟ್ಟಿರುತ್ತಾಳೆ. ತೋಳಿಲ್ಲದ ಬಟ್ಟೆ ಮಾತ್ರ ಇನ್ನೂ ಹಾಕುವುದಿಲ್ಲ. ಆ ಫ್ರಾಕ್ ಈಗ ಸಣ್ಣದಾಗಿದೆ, ಕಪಾಟಿನಲ್ಲಿ ಮಡಚಿ ಇಟ್ಟಿದ್ದಾಳೆ. ಕಳೆದ ವಾರ ಹೊಸ ಬಟ್ಟೆ ಹೊಲಿಸಲು ಹೋದಾಗ ಟೈಲರ್ ಅಕ್ಕ "ತೋಳು ಎಷ್ಟುದ್ದ ಇಡಲಿ?" ಎಂದು ನನ್ನನ್ನು ಕೇಳಿದರು. ನಾನು ಮಗಳ ಕಡೆ ನೋಡಿದೆ. ಅವಳು ಸ್ವಲ್ಪ ಯೋಚಿಸಿ, ಮೊಣಕೈಗಿಂತ ಎರಡು ಬೆರಳು ಮೇಲೆ ಮುಟ್ಟಿ ತೋರಿಸಿದಳು.